ಎಂಟು ಹೊಲಿಗೆಗೆ ಒಂದು ಟಿಕ್

ಅಕ್ಕ ಹೊಲಿಗೆ ನಿಲ್ಲಿಸಿ ಮೆಷಿನ್ನಿನ ಬದಿಗೆ ಕಿವಿ ತಂದಳು. ಪೆಡಲಿನಿಂದ ಕಾಲು ತೆಗೆದಾಗಿತ್ತು, ಮೋಟಾರು ತೆಪ್ಪಗಾಗಿತ್ತು, ಸೂಜಿ ಯಾರದೋ ಪ್ಯಾಂಟಿನ ಅಂಚಿನಲ್ಲಿ ಇಳಿದು ನಿಂತಿತ್ತು. ಆದರೂ ಸದ್ದು ಬರುತ್ತಲೇ ಇತ್ತು. ಟಿಕ್. ಒಂದು ಉಸಿರಿನಷ್ಟು ಬಿಟ್ಟು ಮತ್ತೆ ಟಿಕ್. ಅವಳು ಪ್ಲಗ್ಗನ್ನೂ ಕಿತ್ತಳು. ಟಿಕ್.

"ಅಜ್ಜಿ, ಏನೋ ಹೊಡ್ಕೊಳ್ತಾ ಇದೆ. ನಿಮಗೆ ಕೇಳಿಸ್ತಾ?"

ಕಿಟಕಿಯ ಪಕ್ಕ ಕೂತು ಕೋಟಿಗೆ ಗುಂಡಿ ಹಾಕುತ್ತಿದ್ದ ಗುಂಡಿ ಅಜ್ಜಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ತಲೆ ಎತ್ತಿದಳು. ಮೂವತ್ತು ವರ್ಷಗಳಿಂದ, ಮೊದಲು ಅಕ್ಕನ ಅಮ್ಮನ ಮನೆಯ ಮುಂಗೋಣೆಯಲ್ಲಿ, ಆಮೇಲೆ ಈ ಅಂಗಡಿಯಲ್ಲಿ, ಗುಂಡಿ, ಕೊಕ್ಕೆ, ಕಾಜಾ ಬಿಟ್ಟು ಬೇರೆ ಕೆಲಸ ಮುಟ್ಟಿದವಳಲ್ಲ. ಹೆಸರು ಬಂದದ್ದೂ ಹಾಗೆಯೇ. "ನಂಗೆ ಕೇಳಿಸೋದೇ ಅರ್ಧ," ಎಂದಳು. "ಆ ಅರ್ಧದಲ್ಲೂ ನಿನ್ನ ಮಗಳ ಡುಮ್ ಡುಮ್ ತುಂಬ್ಕೊಂಡಿದೆ."

ಅಕ್ಕನ ಕಣ್ಣು ಕಪಾಟಿನ ಮೇಲಿದ್ದ ಪುಟ್ಟ ಸ್ಪೀಕರಿನತ್ತ ಹೋಯಿತು. ಎದ್ದು ಹೋಗಿ ಸದ್ದು ಜೋರು ಮಾಡಿದಳು. ಮೆತ್ತಗೆ ಬೀಳುವ ಡುಮ್ ಡುಮ್, ಅದರ ಮೇಲೆ ನೀರಿನಂತೆ ಹರಡುವ ಯಾವುದೋ ಸ್ವರ, ಎರಡು ಡುಮ್ಮಿಗೆ ಒಂದು ಸಲ, ತಪ್ಪದೆ, ಟಿಕ್. ಈ ಸದ್ದು ಜಗತ್ತಿನಲ್ಲಿ ಒಂದೇ ಒಂದು ವಸ್ತುವಿನದು. ಅಮ್ಮನ ತುಳಿಯುವ ಮೆಷಿನ್ನಿನ ಚರ್ಮದ ಬೆಲ್ಟು, ಅದರ ಎರಡು ತುದಿಗಳನ್ನು ಕೂಡಿಸಿದ್ದ ತಂತಿಯ ಕ್ಲಿಪ್ಪು. ಬೆಲ್ಟು ಸುತ್ತು ಬಂದಾಗಲೆಲ್ಲ ಆ ಕ್ಲಿಪ್ಪು ಮೇಲಿನ ಚಕ್ರಕ್ಕೆ ತಗುಲಿ ಹೀಗೇ ಸದ್ದು ಮಾಡುತ್ತಿತ್ತು. ಆ ಸದ್ದಿನ ಪಕ್ಕದಲ್ಲಿ ಅವಳು ಇಪ್ಪತ್ತು ವರ್ಷ ಕೂತು ಹೊಲಿದಿದ್ದಳು. ಅದು ನಿಂತು ಹನ್ನೆರಡು ವರ್ಷವಾಗಿತ್ತು. ಅಮ್ಮ ಹೋಗಿ ಒಂಬತ್ತು.

ಈ ಡುಮ್ ಡುಮ್ ಅಂಗಡಿಗೆ ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಅಕ್ಕನಿಗೆ ರಕ್ತದೊತ್ತಡ ಹೆಚ್ಚಿದೆ ಎಂದು ವೈದ್ಯರು ಹೇಳಿದ ವಾರ, ಕಾಲೇಜಿನಲ್ಲಿ ಓದುವ ಮಗಳು ತನ್ನ ಹಳೆಯ ಫೋನು ಮತ್ತು ಸ್ಪೀಕರು ತಂದು ಕಪಾಟಿನ ಮೇಲೆ ಕೂರಿಸಿದ್ದಳು. "ಇದಕ್ಕೆ ಹೌಸ್ ಮ್ಯೂಸಿಕ್ ಅಂತಾರೆ ಅಮ್ಮ. ಇಂಟರ್ನೆಟ್ಟಿನ ಒಂದು ಚಾನೆಲ್ಲಲ್ಲಿ ಇಡೀ ದಿನ ನಿಲ್ಲದೆ ಲೈವ್ ಬರ್ತಿರತ್ತೆ. ನೀನೇನೂ ಮಾಡೋದು ಬೇಡ, ಸುಮ್ನೆ ಹಾಕಿಡು, ತಲೆ ತಣ್ಣಗಾಗತ್ತೆ."

"ಮನೆ ಸಂಗೀತ ಅಂದ್ರೆ ನಮ್ಮನೇಲಿ ಪಾತ್ರೆ ಬೀಳೋದು," ಎಂದಿದ್ದಳು ಅಕ್ಕ. ಮೊದಲ ವಾರ ಅವಳಿಗೆ ಅದು ಹಾಡೆಂದೇ ಅನಿಸಲಿಲ್ಲ. ಹಾಡು ಎಂದ ಮೇಲೆ ಶುರುವಾಗಬೇಕು, ಮುಗಿಯಬೇಕು, ನಡುವೆ ಯಾರಾದರೂ ಅಳಬೇಕು. ಇದು ಬೆಳಿಗ್ಗೆ ಹೇಗೆ ನಡೆಯುತ್ತಿತ್ತೋ ಸಂಜೆಯೂ ಹಾಗೇ ನಡೆಯುತ್ತಿತ್ತು, ಎಲ್ಲಿಗೂ ತಲುಪುವ ಆತುರವಿಲ್ಲದೆ. ಫೋನಿನ ಪರದೆಯ ಮೇಲೆ ಒಂದು ಕಿಟಕಿಯ ಚಿತ್ರ, ಅದರ ಬಟ್ಟೆಯ ಪರದೆ ಗಾಳಿಗೆ ಅಲುಗುತ್ತಿರುತ್ತದೆ, ಅಷ್ಟೇ. ಪಕ್ಕದಲ್ಲಿ ಯಾವ ಯಾವುದೋ ಊರಿನವರು ಯಾವ ಯಾವುದೋ ಲಿಪಿಯಲ್ಲಿ ನಮಸ್ಕಾರ ಹೇಳಿಕೊಳ್ಳುತ್ತಾರೆ. ಒಬ್ಬ ಪಾತ್ರೆ ತೊಳೆಯುತ್ತಿದ್ದೇನೆ ಅನ್ನುತ್ತಾನೆ, ಒಬ್ಬಳು ಮಗು ಮಲಗಿತು ಅನ್ನುತ್ತಾಳೆ. ಮಗಳೇ ಅವನ್ನೆಲ್ಲ ಓದಿ ಹೇಳಿ ನಗಿಸಿದ್ದಳು.

ಎರಡನೇ ವಾರಕ್ಕೆ ಅಕ್ಕನ ಕೈ ಅದಕ್ಕೆ ಒಗ್ಗಿಕೊಂಡಿತು. ಪ್ಯಾಂಟಿನ ಕಾಲು ಮಡಚುವಾಗ, ಜಿಪ್ಪು ಬಿಚ್ಚುವಾಗ, ಇಸ್ತ್ರಿ ಎಳೆಯುವಾಗ ಭುಜ ಬಿಗಿಯುವುದು ನಿಂತಿತು. ತಿಂಗಳಾಗುವಷ್ಟರಲ್ಲಿ ಮನೆಯಲ್ಲಿ ತರಕಾರಿ ಹೆಚ್ಚುವಾಗಲೂ ಅದೇ ಬೇಕಾಯಿತು. ಬೀದಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುವುದು. ಬಟ್ಟೆ ಕೊಡಲು ಬಂದವರು "ಏನಕ್ಕಾ, ಡ್ಯಾನ್ಸ್ ಕ್ಲಾಸಾ?" ಎಂದು ಕಾಲೆಳೆದರೆ, "ಡಾಕ್ಟರು ಬರೆದುಕೊಟ್ಟಿದ್ದು, ದಿನಕ್ಕೆ ಎಂಟು ಗಂಟೆ," ಎನ್ನುತ್ತಿದ್ದಳು.

ಆ ದಿನ ಮಾತ್ರ ಅವಳು ಉಳಿದ ಪ್ಯಾಂಟುಗಳನ್ನು ಮುಟ್ಟಲಿಲ್ಲ. ಆ ಸದ್ದನ್ನು ಹಿಡಿದಿಡಬಲ್ಲ ಮನುಷ್ಯ ಒಬ್ಬನೇ, ಅವಳ ತಮ್ಮ. ಹದಿನೈದು ವರ್ಷಕ್ಕೇ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರು ಗಿಟ್ಟಿಸಿಕೊಂಡು ಮನೆಯ ನಲ್ಲಿ, ಮೆಟ್ಟಿಲು, ನೆರೆಮನೆಯ ಜಗಳ, ಅಮ್ಮನ ಮೆಷಿನ್ನು, ಯಾವುದನ್ನೂ ಬಿಡದೆ ಹಿಡಿಯುತ್ತಿದ್ದವನು. ಮನೆಯಲ್ಲಿ ಅವನ ಹೆಸರೇ ಟೇಪು ಎಂದಾಗಿತ್ತು. ಆಮೇಲೆ ಸಭಾಂಗಣಗಳಲ್ಲಿ ಸೌಂಡ್ ನೋಡಿಕೊಳ್ಳುವ ಕೆಲಸ ಹಿಡಿದ. ಅಮ್ಮ ಹೋದ ಮೇಲೆ ಅಕ್ಕ ತಮ್ಮ ಮಾತಾಡಿಲ್ಲ.

ಸಂಜೆ ಮಗಳು ಅಂಗಡಿಗೆ ಬಂದು ಬ್ಯಾಗು ಇಳಿಸುವ ಮೊದಲೇ ಅಕ್ಕ ಕೇಳಿದಳು, "ಈ ಚಾನೆಲ್ ಯಾರದು?"

ಮಗಳು ಬ್ಯಾಗಿನ ಪಟ್ಟಿಯನ್ನು ಹೆಗಲಿನಿಂದ ಬಹಳ ನಿಧಾನವಾಗಿ ತೆಗೆದಳು. "ಯಾಕೆ?"

"ಯಾರದು ಅಂತ ಕೇಳ್ದೆ."

"ಮಾಮಂದು."

"ಮೂರು ತಿಂಗಳಿಂದ ನನ್ನ ಅಂಗಡೀಲಿ ಅವನ ಹಾಡು ಹಾಕಿ ಕೂರಿಸಿದೀಯ."

"ಮಾಮಂದು ಅಂದಿದ್ರೆ ನೀನು ಹಾಕೋಕೆ ಬಿಡ್ತಿದ್ಯಾ? ಸ್ಪೀಕರ್ ಸಮೇತ ಬೀದಿಗೆ ಎಸೀತಿದ್ದೆ." ಮಗಳು ಹೆದರಿದವಳಂತೆ ಶುರುಮಾಡಿ ಜಗಳಕ್ಕೆ ನಿಂತವಳಂತೆ ಮುಗಿಸಿದಳು. "ನಿನ್ನ ಬಿಪಿ ಇಳಿದಿದೆ ತಾನೇ? ಮಾಮಂಗೆ ಗೊತ್ತಿಲ್ಲ ನೀನು ಕೇಳ್ತೀಯ ಅಂತ. ನಾನು ಹೇಳಿಲ್ಲ. ಅವನೂ ಮುಖ ಊದಿಸ್ಕೊಂಡು ಕೂತಿದಾನೆ, ನೀನೂ ಕೂತಿದೀಯ. ಇಬ್ರದ್ದೂ ಒಂದೇ ಮುಖ, ನೋಡೋಕೆ ಸಾಕಾಗಿದೆ ನಂಗೆ."

ಗುಂಡಿ ಅಜ್ಜಿ ದಾರ ಪೋಣಿಸುವ ನೆಪದಲ್ಲಿ ಸೂಜಿಯನ್ನು ಬೆಳಕಿಗೆ ಹಿಡಿದು ನಕ್ಕಳು. ಅಕ್ಕ ಸ್ಪೀಕರು ಆರಿಸಿದಳು. ಮಾರನೆಯ ದಿನ ಬಾಗಿಲು ತೆಗೆದವಳು ಒಂದರ್ಧ ಗಂಟೆ ನಿಶ್ಶಬ್ದದಲ್ಲಿ ಹೊಲಿದು, ಭುಜ ಹಿಡಿದುಕೊಂಡಾಗ, ತಾನೇ ಎದ್ದು ಮತ್ತೆ ಹಾಕಿದಳು.

ಟಿಕ್ ಬರುವ ಹಾಡು ಆ ವಾರ ಹೊಸದಾಗಿ ಸೇರಿಸಿದ್ದು ಎಂದು ಮಗಳು ಹೇಳಿದ್ದಳು. ಒಂದು ಇಡೀ ದಿನದಷ್ಟು ಉದ್ದಕ್ಕೆ ಜೋಡಿಸಿಟ್ಟು ಸುತ್ತಿ ಸುತ್ತಿ ಹಾಕುತ್ತಾರಂತೆ, ಹಾಗಾಗಿ ಅದು ದಿನಾ ಬೆಳಿಗ್ಗೆ ಹನ್ನೊಂದಕ್ಕೇ ಬರುತ್ತಿತ್ತು, ಮುಕ್ಕಾಲು ಗಂಟೆ ಇರುತ್ತಿತ್ತು. ಹನ್ನೊಂದಾಗುತ್ತಿದ್ದಂತೆ ಅಕ್ಕ ಗದ್ದಲವಿಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಹೊಲಿಗೆ ಬಿಚ್ಚುವುದೋ, ಕೈಹೊಲಿಗೆಯೋ. ಕೇಳುತ್ತ ಕೂತರೆ ಆ ಹಳೆಯ ಮನೆಯ ಮುಂಗೋಣೆಯೇ ಕಣ್ಣೆದುರಿಗೆ ಬರುತ್ತಿತ್ತು: ಎರಡು ಮೆಷಿನ್ನುಗಳು ಒಂದರ ಪಕ್ಕ ಒಂದು, ಮಧ್ಯೆ ಚಹಾ ಲೋಟಗಳಿಗೊಂದು ಸ್ಟೂಲು, ನೆಲದ ತುಂಬಾ ಚಿಂದಿ, ಅಮ್ಮನ ಬರಿಗಾಲು ಕಬ್ಬಿಣದ ಹಲಗೆಯ ಮೇಲೆ ಹಿಮ್ಮಡಿ ಬೆರಳು, ಹಿಮ್ಮಡಿ ಬೆರಳು. ಹೊಲಿಯುವಾಗ ಅಮ್ಮನ ತುಟಿ ಅಲುಗುತ್ತಿತ್ತು. ಯಾರಿಗೋ ಕೊಡದೆ ಉಳಿದ ಉತ್ತರವನ್ನು ಈಗ ಕೊಡುತ್ತಿದ್ದಾಳೆ ಎಂದು ಅಕ್ಕ ತಮ್ಮ ಗುಟ್ಟಾಗಿ ನಗುತ್ತಿದ್ದರು. ಅಂಥ ನಗು ಆಮೇಲೆ ಅವಳಿಗೆ ಯಾರ ಜೊತೆಗೂ ಬರಲಿಲ್ಲ.

ಜಗಳವಾದದ್ದು ಬೆಲ್ಟಿನಿಂದ. ಹನ್ನೆರಡು ವರ್ಷದ ಹಿಂದೆ ಆ ಕ್ಲಿಪ್ಪಿನ ತಂತಿ ಎದ್ದು ಅಮ್ಮನ ಹೆಬ್ಬೆರಳನ್ನು ಸೀಳಿತ್ತು. ಅಕ್ಕ ಆಸೆಪಟ್ಟು, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ಬಿಸಿ ಮಾಡಿ ಅಂಟಿಸುವ ಹೊಸ ಹಸಿರು ಬೆಲ್ಟು ಹಾಕಿಸಿದಳು. ಕ್ಲಿಪ್ಪಿಲ್ಲ, ಗಾಯವಿಲ್ಲ, ಸದ್ದೂ ಇಲ್ಲ. "ಎಷ್ಟು ನಯವಾಗಿ ಓಡತ್ತೆ," ಎಂದಿದ್ದಳು ಅಮ್ಮ, ಚಕ್ರವನ್ನು ಕೈಯಲ್ಲೇ ಎರಡು ಸಲ ತಿರುಗಿಸಿ. ಅದಾದ ಎರಡು ತಿಂಗಳೊಳಗೇ ಅಮ್ಮ ಹೊಲಿದ ಅಂಗಿಯ ಜೇಬು ವಾಲಿತು. ಒಂದು ಕೋಟಿನ ತೋಳುಗಳು ಒಂದೊಂದು ಅಗಲಕ್ಕೆ ಬಂದು ಗಿರಾಕಿ ವಾಪಸು ತಂದ. ವಯಸ್ಸಾಯಿತು, ಕಣ್ಣು ಮಂಜಾಯಿತು, ಸಾಕು ಬಿಡಮ್ಮ ಎಂದಳು ಅಕ್ಕ. ಅಮ್ಮ ಮೆಷಿನ್ನಿನಿಂದ ಎದ್ದು ಚಿಂದಿ ಆರಿಸಲು ಕೂತಳು, ಮೂರು ವರ್ಷ ಹಾಗೇ ಕೂತು, ಹೋದಳು.

ಅಮ್ಮನ ಕೋಣೆ ಖಾಲಿ ಮಾಡುವ ದಿನ ತಮ್ಮ ಬಾಯಿಬಿಟ್ಟಿದ್ದ. "ಅವಳ ಕಣ್ಣು ಹತ್ತು ವರ್ಷದ ಹಿಂದೇನೇ ಹೋಗಿತ್ತು ಅಕ್ಕ. ಅವಳು ಹೊಲೀತಿದ್ದಿದ್ದು ಆ ಸದ್ದಿನಿಂದ. ಎಂಟು ಹೊಲಿಗೆಗೆ ಒಂದು ಟಿಕ್. ಜೇಬಿನ ಒಂದು ಬದಿಗೆ ಆರು ಟಿಕ್, ತೋಳಿನ ಪಟ್ಟಿಗೆ ಹನ್ನೊಂದು. ನೀನು ಬೆಲ್ಟು ಹಾಕಿಸಿದ ದಿನಾನೇ ಅವಳ ಕಣ್ಣು ತೆಗೆದೆ."

"ಟಿಕ್ ಎಣಿಸಿ ಯಾರಾದ್ರೂ ಹೊಲೀತಾರೇನೋ? ಬಾಯಿಗೆ ಬಂದಿದ್ದೆಲ್ಲ ಮಾತಾಡ್ಬೇಡ."

"ನೀನು ಪಕ್ಕದಲ್ಲೇ ಕೂತಿದ್ದೆ. ನಿಂಗೆ ಗೊತ್ತಾಗ್ಲಿಲ್ಲ."

ಆ ಕೊನೆಯ ಮಾತು ಅಕ್ಕನಿಗೆ ಮುಳ್ಳಾಗಿ ಉಳಿಯಿತು. ತಾಯಿಯ ಮೇಲಿನ ಪ್ರೀತಿಯಿಂದ ಮಾಡಿದ್ದನ್ನು ಕೊಲೆ ಮಾಡಿದ ಹಾಗೆ ಹೇಳಿದನಲ್ಲ ಎಂದು ಒಂಬತ್ತು ವರ್ಷ ಕಂಡಕಂಡವರಿಗೆ ಹೇಳಿಕೊಂಡಳು. ಹೇಳಿದಾಗಲೆಲ್ಲ ಕೇಳಿದವರು ಅವಳ ಪರವೇ ನಿಂತರು. ಆದರೂ ಹೇಳುವುದು ಮುಗಿಯಲಿಲ್ಲ. ಅಮ್ಮನ ಮೆಷಿನ್ನನ್ನು ಅಂಗಡಿಯ ಮೂಲೆಗೆ ತಂದಿಟ್ಟು, ಅದರ ಮೇಲೆ ದಾರದ ಡಬ್ಬಗಳನ್ನು ಮೂರು ಅಂತಸ್ತು ಪೇರಿಸಿದಳು.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ, ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದ ಅಕ್ಕನ ಕೈ ನಿಂತಿತು. ಟಿಕ್ಕಿನ ಹಿಂದೆ ಇನ್ನೊಂದು ಸದ್ದಿತ್ತು. ಡುಮ್ ಡುಮ್ಮಿನ ತೀರಾ ಅಡಿಯಲ್ಲಿ, ಯಾರಿಗೂ ಬೇಕಿಲ್ಲದ ಕಡೆ, ಕಾಲುಹಲಗೆಯ ಕಿರ್ ಕಿರ್. ಅದೂ ಅಮ್ಮನದೇ, ಎಡಗಡೆಯ ತಿರುಪು ಸಡಿಲವಿದ್ದ ಹಲಗೆ. ಆದರೆ ಎರಡೂ ಸೇರುತ್ತಿರಲಿಲ್ಲ. ಟಿಕ್ ಗಡಿಯಾರದ ಹಾಗೆ ಒಂದೇ ಸಮ ನಡೆಯುತ್ತಿತ್ತು. ಹಲಗೆ ಹಿಂದೆ ಬೀಳುತ್ತಿತ್ತು, ಅವಸರದಲ್ಲಿ ಓಡಿ ಬರುತ್ತಿತ್ತು, ದಾಟಿ ಹೋಗುತ್ತಿತ್ತು, ತಬ್ಬಿಬ್ಬಾಗಿ ನಿಲ್ಲುತ್ತಿತ್ತು.

ಇದು ಹೇಗೆ ಸಾಧ್ಯ ಎಂದು ಅಕ್ಕ ತಲೆ ಕೆರೆದುಕೊಂಡಳು. ಕ್ಲಿಪ್ಪು ಇರುವುದು ಬೆಲ್ಟಿನಲ್ಲಿ, ಬೆಲ್ಟನ್ನು ಓಡಿಸುವುದು ಹಲಗೆ. ಹಲಗೆ ನಿಂತರೆ ಟಿಕ್ಕೂ ನಿಲ್ಲಬೇಕು. ಒಂದನ್ನು ಬಿಟ್ಟು ಇನ್ನೊಂದು ಹೋಗುವುದಕ್ಕೆ ಅವೇನು ಜಗಳವಾಡಿದ ಗಂಡ ಹೆಂಡತಿಯೇ? ಇವೆರಡೂ ಬೇರೆ ಬೇರೆಯಾಗಿ ಓಡುತ್ತಿವೆ ಎಂದರೆ, ಟಿಕ್ ಈ ಬೆಲ್ಟಿನದಲ್ಲ. ಯಾವಾಗಲೋ ಹಿಡಿದಿಟ್ಟ ಹಳೆಯ ಟಿಕ್ ಟೇಪಿನಲ್ಲಿ ಓಡುತ್ತಿದೆ. ಅದರ ಪಕ್ಕದಲ್ಲಿ ಅಮ್ಮ ಸದ್ದಿಲ್ಲದ ಬೆಲ್ಟಿನ ಮೆಷಿನ್ನು ತುಳಿಯುತ್ತಿದ್ದಾಳೆ.

ಅವಳು ಎದ್ದು ದಾರದ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಗುಂಡಿ ಅಜ್ಜಿ ನೋಡುತ್ತಿದ್ದಳು. ಅಕ್ಕ ಮೆಷಿನ್ನಿನ ಧೂಳು ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು, ಸೂಜಿಗೆ ದಾರ ಪೋಣಿಸಿದಳು. ಹಸಿರು ಬೆಲ್ಟು ಬಣ್ಣ ಮಾಸಿದ್ದರೂ ಗಟ್ಟಿಯಾಗಿತ್ತು. ಹಳೆಯ ಅಂಗಿಯೊಂದರ ಎದೆಯ ಮೇಲೆ ಜೇಬಿನ ತುಂಡು ಇಟ್ಟು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು, ಸ್ಪೀಕರಿನ ಟಿಕ್ಕಿಗೆ ಕಾಲು ಸೇರಿಸಿದಳು.

ಒಂದು. ಎರಡು. ಮೂರಕ್ಕೆ ಕಾಲು ಮುಂದೆ ಹೋಯಿತು. ಹಿಡಿದು ನಿಧಾನ ಮಾಡಿದಳು, ಆಗ ಹಿಂದೆ ಬಿತ್ತು. ಆರಕ್ಕೆ ನಿಲ್ಲಿಸಿ ಕಣ್ಣು ಬಿಟ್ಟರೆ ಹೊಲಿಗೆ ಜೇಬಿನ ಮೂಲೆಯನ್ನು ದಾಟಿ ಅರ್ಧ ಇಂಚು ಆಚೆ ನಿಂತಿತ್ತು. ಬಿಚ್ಚಿ ಮತ್ತೆ ಮಾಡಿದಳು. ಈ ಸಲ ಮೂಲೆಗೆ ತಲುಪಲೇ ಇಲ್ಲ. ನಾಲ್ಕು ಸಲ ಮಾಡಿದಳು. ಎಡಗಡೆ ನೆಟ್ಟಗಿದ್ದರೆ ಬಲಗಡೆ ವಾಲಿತು. ಮೂವತ್ತು ವರ್ಷಕ್ಕೂ ಮೀರಿ ಹೊಲಿದ ಕೈ, ಕಣ್ಣು ನೆಟ್ಟಗಿರುವ ಹೆಂಗಸು, ಒಂದು ಜೇಬು ಹಾಕಲಾಗದೆ ಬೆವರಿದಳು.

"ಅವಳೂ ಹೀಗೇ ಒದ್ದಾಡ್ತಿದ್ಲು," ಎಂದಳು ಗುಂಡಿ ಅಜ್ಜಿ.

ಅಕ್ಕ ತಿರುಗಿದಳು. ಅಜ್ಜಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಸೂಜಿಯನ್ನು ಎದೆಯ ಬಟ್ಟೆಗೆ ಚುಚ್ಚಿಕೊಂಡಳು. ಮಾತಿಗೆ ಕೂರುವಾಗ ಮಾತ್ರ ಅವಳು ಸೂಜಿ ಹಾಗೆ ಇಡುವುದು.

"ನೀನು ವಾರಕ್ಕೆ ಎರಡು ಮಧ್ಯಾಹ್ನ ರೆಡಿಮೇಡ್ ಅಂಗಡಿಯಿಂದ ಪ್ಯಾಂಟು ತರೋಕೆ ಹೋಗ್ತಿದ್ದೆಯಲ್ಲ. ನೀನು ಬೀದಿ ಮೂಲೆ ದಾಟಿದ ತಕ್ಷಣ ನಿನ್ನ ತಮ್ಮ ಟೇಪು ಬರ್ತಿದ್ದ. ಹಳೇ ಕ್ಯಾಸೆಟ್ಟಲ್ಲಿ ಮೆಷಿನ್ ಸದ್ದಿತ್ತು, ಅದನ್ನ ಹಾಕ್ತಿದ್ದ. ನಿಮ್ಮಮ್ಮ ಅದಕ್ಕೆ ಸರಿಯಾಗಿ ತುಳಿಯೋಕೆ ನೋಡ್ತಿದ್ಲು. ಸುಮಾರು ಒಂದು ತಿಂಗಳು ಮಾಡಿದ್ರು. ತಪ್ಪಿದಾಗೆಲ್ಲ ಇಬ್ರೂ ನಗ್ತಿದ್ರು. ಆಮೇಲಾಮೇಲೆ ನಗ್ಲಿಲ್ಲ."

"ನೀವು ನನಗೆ ಹೇಳ್ಬಹುದಿತ್ತು."

"ಹೇಳ್ಬೇಡ ಅಂದಿದ್ಲು. ನಂಗೂ ಅಂದ್ಲು, ಅವನಿಗೂ ಅಂದ್ಲು. ಪಾಪ, ನನ್ನ ಬೆರಳು ಕುಯ್ದಿದ್ದಕ್ಕೆ ಅತ್ತು ಬೆಲ್ಟು ಹಾಕ್ಸಿದಾಳೆ, ಇದು ಗೊತ್ತಾದ್ರೆ ಇನ್ನೊಂದು ಸಲ ಅಳ್ತಾಳೆ ಅಂದ್ಲು. ಅವನು ಅಮ್ಮ ಇರೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿದ್ದ. ಹೋದ ಮೇಲೆ ತಡೆಯೋಕಾಗ್ಲಿಲ್ಲ ಅವನಿಗೆ."

"ಹಳೇ ಬೆಲ್ಟೇ ಹಾಕಿಸು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ಅಜ್ಜಿ. ಒಂದೇ ಒಂದು ಮಾತು."

"ಕಣ್ಣಿಲ್ಲ ಅಂತಾನೂ ಹೇಳ್ಬೇಕಾಗ್ತಿತ್ತಲ್ಲ," ಎಂದಳು ಅಜ್ಜಿ. "ಕಣ್ಣಿಲ್ಲದೋಳ ಹತ್ರ ಯಾರು ಬಟ್ಟೆ ಕೊಡ್ತಾರೆ? ನೀನೇ ಕೊಡ್ತಿರ್ಲಿಲ್ಲ."

ಅಕ್ಕ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಬಹಳ ಹೊತ್ತೇನಲ್ಲ. ಅಷ್ಟರಲ್ಲಿ ಯಾರೋ ಜಿಪ್ಪು ಕೆಟ್ಟ ಜಾಕೆಟ್ಟು ಹಿಡಿದುಕೊಂಡು ಬಂದರು. ಅವಳು ಮುಖ ಒರೆಸಿಕೊಂಡು ಗುರುವಾರ ಬನ್ನಿ ಎಂದಳು. ಆ ದಿನ ಉಳಿದ ಹೊತ್ತೆಲ್ಲ ಅವಳಿಗೆ ಒಂದೇ ಯೋಚನೆ. ತಮ್ಮ ಹೇಳಿದ್ದು ನಿಜ. ಅವನು ನಿಜ ಹೇಳಿದ್ದಕ್ಕೇ ಒಂಬತ್ತು ವರ್ಷ ಅವನನ್ನು ಹೊರಗಿಟ್ಟೆ. ಈಗ ಯಾವ ಮುಖ ಹೊತ್ತು ಅವನಿಗೆ ಫೋನು ಮಾಡುವುದು? ಮಗಳ ಹತ್ತಿರ ಅವನ ನಂಬರು ಇದೆ. ಫೋನು ಮಾಡಿದರೆ ಅವನು ಎತ್ತದೆ ಹೋಗಬಹುದು, ಎತ್ತಿ ಯಾರು ಎನ್ನಬಹುದು. ಆ "ಯಾರು" ಎನ್ನುವುದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಮಾರನೆಯ ದಿನ ಶನಿವಾರ, ಮಗಳಿಗೆ ಕಾಲೇಜಿಲ್ಲ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅಕ್ಕ ಕಪಾಟಿನಿಂದ ಫೋನು ಇಳಿಸಿ ಮಗಳ ಮುಂದೆ ಹಿಡಿದಳು. "ಇಲ್ಲಿ ಎಲ್ಲಾರೂ ಬರೀತಾರಲ್ಲ, ನಾನು ಬರೆದ್ರೆ ಅವನಿಗೆ ಕಾಣತ್ತಾ?"

"ಎಲ್ಲಾರಿಗೂ ಕಾಣತ್ತೆ. ಬೇಕಾದ್ರೆ ನಂಬರ್ ಕೊಡ್ತೀನಿ, ಅವನಿಗೇ ಕಳ್ಸು."

"ಬೇಡ. ಇಲ್ಲೇ ಬರೀತೀನಿ." ಜನರ ನಡುವೆ ಹೇಳಿದರೆ ಉತ್ತರ ಬರದಿದ್ದರೂ ಅವನು ಓದಲಿಲ್ಲ ಎಂದುಕೊಳ್ಳಬಹುದು ಎನ್ನುವುದು ಅವಳ ಲೆಕ್ಕ.

ಒಂದು ಬೆರಳಿನಲ್ಲಿ, ಅಕ್ಷರ ಹುಡುಕುತ್ತ, ತಪ್ಪಿದ್ದನ್ನು ಅಳಿಸುತ್ತ ಬರೆದಳು. ನೀನು ಹೇಳಿದ್ದು ನಿಜ. ಬೆಲ್ಟಿನಿಂದಲೇ. ನಾನು ಪಕ್ಕದಲ್ಲೇ ಕೂತಿದ್ದೆ, ನನಗೆ ಗೊತ್ತಾಗಲಿಲ್ಲ. ಕಳಿಸಿದ ಮೇಲೆ ಅವಳ ಮಾತು ಪಟ್ಟಿಯ ತಳದಲ್ಲಿ ಒಂದು ಕ್ಷಣ ನಿಂತು, ಬೇರೆಯವರ ಮಾತು ಬಂದಂತೆಲ್ಲ ಮೇಲೆ ಸರಿಯಿತು. ಯಾರೋ ಒಂದು ಕೆಂಪು ಹೃದಯ ಅಂಟಿಸಿದರು. ಯಾರೋ ಇದು ಯಾವ ಭಾಷೆ, ನೋಡೋಕೆ ಚೆನ್ನಾಗಿದೆ ಎಂದು ಕೇಳಿದರಂತೆ. ಮಗಳು ಓದಿ ಹೇಳಿದಳು. ಇನ್ನೊಬ್ಬರು ತಾನು ಹಿಟ್ಟು ಕಲಸುತ್ತಿದ್ದೇನೆ ಎಂದರು. ಅವಳ ಮಾತು ಪರದೆಯ ಮೇಲ್ಗಡೆಯಿಂದ ಹೊರಟೇ ಹೋಯಿತು.

ಹನ್ನೊಂದಾಯಿತು. ಟಿಕ್ ಶುರುವಾಯಿತು. ಅಕ್ಕ ಕೆಲಸಕ್ಕೆ ಕೂರಲಿಲ್ಲ, ಫೋನು ಕೆಳಗಿಡಲಿಲ್ಲ. "ಅವನು ಯಾವಾಗ್ಲೂ ನೋಡ್ತಾ ಕೂತಿರಲ್ಲ ಅಮ್ಮ," ಎಂದಳು ಮಗಳು ಮೆತ್ತಗೆ. "ಕೆಲಸಕ್ಕೆ ಹೋಗಿರ್ತಾನೆ." ಅಕ್ಕ ತಲೆಯಾಡಿಸಿದಳು. ಹತ್ತು ನಿಮಿಷ ಹೋಯಿತು. ಆಗ ಪಟ್ಟಿಯ ತಳದಲ್ಲಿ, ಚಾನೆಲ್ಲಿನ ಗುರುತಾದ ಆ ಕಿಟಕಿಯ ಪುಟ್ಟ ಚಿತ್ರದ ಪಕ್ಕ ಒಂದೇ ಒಂದು ಪದ ಮೂಡಿತು.

ಅಕ್ಕ?

ಅಕ್ಕ ಹಾಂ ಎಂದು ಬರೆಯುವುದಕ್ಕೆ ಮೂರು ಸಲ ತಪ್ಪಿದಳು. ಆಮೇಲೆ ಇನ್ನೇನು ಬರೆಯುವುದು ತೋಚದೆ, ಕಿವಿಗೆ ಬಿದ್ದಿದ್ದನ್ನೇ ಬರೆದಳು. ಅಮ್ಮ ಹಿಂದೆ ಬೀಳ್ತಿದಾಳೆ.

ಉತ್ತರ ಈಗ ತಡವಾಗಲಿಲ್ಲ. ಇಪ್ಪತ್ತಾರನೇ ನಿಮಿಷದಲ್ಲಿ ಹಿಡೀತಾಳೆ. ಕೇಳ್ತಾ ಇರು.

ಮೂವರೂ ಸ್ಪೀಕರಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಅಜ್ಜಿಗೆ ಕೇಳಲೆಂದು ಮಗಳು ಸ್ಪೀಕರನ್ನೇ ತಂದು ಅವಳ ಮಡಿಲಲ್ಲಿಟ್ಟಳು. ಹಲಗೆ ಎಡವುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಎಷ್ಟು ಮಧ್ಯಾಹ್ನಗಳ ತುಳಿತವನ್ನು ತಮ್ಮ ಇದರಲ್ಲಿ ಜೋಡಿಸಿಟ್ಟಿದ್ದನೋ. ಅಕ್ಕ ಗಡಿಯಾರ ನೋಡಲಿಲ್ಲ. ಒಂದು ಹೊತ್ತಿಗೆ ಡುಮ್ ಡುಮ್ ತಾನಾಗಿ ತಗ್ಗಿತು, ಮೇಲಿನ ಸ್ವರಗಳೆಲ್ಲ ಸರಿದು ಜಾಗ ಬಿಟ್ಟವು, ಟಿಕ್ ಮತ್ತು ಕಿರ್ ಎರಡೇ ಉಳಿದವು. ಕಿರ್ ಕಿರ್ ನಿಧಾನವಾಗಿ ಬಂದು ಟಿಕ್ಕಿನ ಪಕ್ಕ ನಿಂತಿತು. ಆಮೇಲೆ ಅದರೊಳಗೆ ಸೇರಿತು. ಹನ್ನೆರಡು ವರ್ಷದ ಹಿಂದಿನ ಮೆಷಿನ್ನು, ಹೆಬ್ಬೆರಳು ಸೀಳುವುದಕ್ಕೆ ಮೊದಲಿನ ಮೆಷಿನ್ನು, ಅಂಗಡಿಯಲ್ಲಿ ಓಡತೊಡಗಿತು.

ಅಕ್ಕನ ತುಟಿ ಅಲುಗಿತು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಹಲಗೆ ನಿಂತಿತು. ಟೇಪಿನ ಟಿಕ್ ನಿಲ್ಲುವುದಿಲ್ಲ. ಅಮ್ಮ ಒಂದು ಟಿಕ್ಕನ್ನು ಹಾಗೇ ಹೋಗಗೊಟ್ಟು, ಬಟ್ಟೆ ತಿರುಗಿಸಿ, ಮುಂದಿನದಕ್ಕೆ ಸರಿಯಾಗಿ ಕಾಲಿಟ್ಟಳು. ಜೇಬಿನ ತಳಕ್ಕೆ ಐದು. ಮತ್ತೆ ಒಂದು ಬಿಟ್ಟಳು, ತಿರುಗಿಸಿದಳು. ಇನ್ನೊಂದು ಬದಿಗೆ ಆರು. ಕತ್ತರಿ ಕಚಕ್ಕೆಂದಿತು. ಆಮೇಲೆ ಬಟ್ಟೆ ಸವರುವ ಸದ್ದು, ಅಂಗೈ ಅಗಲಿಸಿ ಹೊಲಿಗೆ ನೋಡುವವರ ಸದ್ದು. ಡುಮ್ ಡುಮ್ ಮೆಲ್ಲಗೆ ಮರಳಿ ಬಂದು ಅದನ್ನು ಮುಚ್ಚಿತು.

"ಜೇಬು ಹಾಕೇ ಬಿಟ್ಲಲ್ಲ," ಎಂದಳು ಗುಂಡಿ ಅಜ್ಜಿ. ಎಷ್ಟು ಕೇಳಿಸಿತೋ ಗೊತ್ತಿಲ್ಲ, ಎರಡು ಅಂಗೈಗಳನ್ನೂ ಸ್ಪೀಕರಿನ ಮೇಲೆ ಒತ್ತಿ ಹಿಡಿದಿದ್ದಳು.

ಫೋನು ಬೆಳಗಿತು. ತಮ್ಮ ಬರೆದಿದ್ದ. ಆ ಜೇಬಿನ ಅಂಗಿ ನನ್ನ ಹತ್ರಾನೇ ಇದೆ. ಸ್ವಲ್ಪ ಬಿಗಿಯಾಗಿದೆ, ಪಕ್ಕ ಬಿಡಿಸಿ ಕೊಡ್ತೀಯಾ?

ಅಕ್ಕ ಎರಡು ಸಲ ಓದಿದಳು. ಯಾವತ್ತು ಬೇಕಾದರೂ ಬಾ ಎಂದು ಬರೆದು, ಅಳಿಸಿ, ಇವತ್ತು ಎಂದು ಬರೆದು ಕಳಿಸಿದಳು. ಎದ್ದು, ಕಿಟಕಿಯ ಹತ್ತಿರದ ಕುರ್ಚಿಯ ಮೇಲೆ ರಾಶಿ ಬಿದ್ದಿದ್ದ ಪ್ಯಾಂಟುಗಳನ್ನು ಎರಡು ಕೈಯಲ್ಲಿ ಎತ್ತಿ, ಇಡಲು ಜಾಗ ಸಿಗದೆ ಅತ್ತಿತ್ತ ನೋಡಿ, ಮಗಳ ತೋಳಿಗೆ ಹೇರಿದಳು. ಕುರ್ಚಿಯ ಮೇಲಿನ ದಾರದ ಚೂರುಗಳನ್ನು ಅಂಗೈಯಿಂದ ಒಂದೂ ಉಳಿಯದಂತೆ ಗುಡಿಸಿ ತೆಗೆದಳು.